ಶಕ್ತಿಯನ್ನರಿತ ತಪಸ್ಸು

ತಪಸ್ಸು ಆತ್ಮಶುದ್ಧಿಯ ಸಾಧನವೆಂಬುದರಲ್ಲಿ ಜೈನ ಮನೆತನಗಳಿಗೆ ಸಂದೇಹವಿಲ್ಲ. ಆದರೆ ದೇಹವು ಔಷಧದ ಆಶ್ರಯದಲ್ಲಿ ನಡೆಯುತ್ತಿರುವಾಗ ಉಪವಾಸವು ತಪಸ್ಸಾಗಿಯೇ ಉಳಿಯುವುದೇ, ಇಲ್ಲವೇ ಹಿಂಸೆಯಾಗಿ ಪರಿಣಮಿಸುವುದೇ? ಈ ಪ್ರಶ್ನೆ ಶಾಸ್ತ್ರಸಭೆಗಿಂತ ಮೊದಲು ಅಡುಗೆಮನೆಯಲ್ಲಿ ಏಳುತ್ತದೆ. ಅದನ್ನು ಮೌನವಾಗಿ ಎದುರಿಸುವವಳು ಬಹುಮಟ್ಟಿಗೆ ಮನೆಯ ಗೃಹಿಣಿ.

ಬಾಲ್ಯದ ಗಂಟಲುಬೇನೆಯ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವು ಹೃದಯದ ಕವಾಟಗಳಿಗೆ ಹಾನಿಯುಂಟುಮಾಡುತ್ತದೆ. ಈ ಕವಾಟರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕ. ಎಷ್ಟೋ ವರ್ಷ ಅಡಗಿದ್ದು, ಗರ್ಭಿಣಿಯಾದಾಗ ಏದುಸಿರಿನ ರೂಪದಲ್ಲಿ ಮೊದಲು ಪ್ರಕಟವಾಗುವುದೂ ಉಂಟು. ಶಸ್ತ್ರಚಿಕಿತ್ಸೆಯಿಂದ ಕೃತಕ ಲೋಹದ ಕವಾಟವನ್ನು ಜೋಡಿಸಿದರೆ, ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು. ಆಗಾಗ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸಿ ಮಾತ್ರೆಯ ಪ್ರಮಾಣವನ್ನು ನಿರ್ಧರಿಸಬೇಕು. ಪ್ರಮಾಣ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ.

ಇಂತಹ ಗೃಹಿಣಿಯೊಬ್ಬಳ ಮನೆಯಲ್ಲಿ ಚಾತುರ್ಮಾಸ ಆರಂಭವಾಯಿತೆಂದು ಭಾವಿಸೋಣ. ಮನೆಯ ಪದ್ಧತಿಯಂತೆ ಸೊಪ್ಪನ್ನು ತ್ಯಜಿಸಲಾಗುತ್ತದೆ. ಸೊಪ್ಪಿನಲ್ಲಿ ಹೇರಳವಾಗಿರುವ ಕೆ ಜೀವಸತ್ತ್ವವು ವಾರ್ಫರಿನ್ನಿನ ಪ್ರಭಾವವನ್ನು ತಗ್ಗಿಸುತ್ತದೆ. ನಿತ್ಯ ಸೊಪ್ಪು ತಿನ್ನುತ್ತಿದ್ದವಳು ಒಮ್ಮೆಲೇ ಬಿಟ್ಟರೆ, ಅದೇ ಮಾತ್ರೆ ಅತಿಯಾಗಿ ಕೆಲಸ ಮಾಡತೊಡಗುತ್ತದೆ. ನಿಯಮ ತಪ್ಪಲ್ಲ, ವೈದ್ಯರಿಗೆ ತಿಳಿಸದೆ, ರಕ್ತಪರೀಕ್ಷೆ ಮಾಡಿಸದೆ ನಿಯಮ ಹಿಡಿಯುವುದು ತಪ್ಪು. ಮುಂದೆ ದಶಲಕ್ಷಣ ಪರ್ವ ಬರುತ್ತದೆ. ಮೈಯಲ್ಲಿ ನೀರು ನಿಲ್ಲದಿರಲೆಂದು ಮೂತ್ರವನ್ನು ಹೆಚ್ಚಿಸುವ ಮಾತ್ರೆ ಸೇವಿಸುವವಳು ನಿರ್ಜಲ ಉಪವಾಸ ಮಾಡಿದರೆ, ರಕ್ತದೊತ್ತಡ ಕುಸಿದು ತಲೆಸುತ್ತಿ ಬೀಳಬಹುದು. ಆದರೂ ಅವಳು ಬಾಯಿ ಬಿಡುವುದಿಲ್ಲ. ಓರಗಿತ್ತಿ ಉಪವಾಸವಿರುವಾಗ ತಾನು ಊಟಮಾಡಿದರೆ ಜನ ಏನೆಂದಾರು ಎಂಬ ಸಂಕೋಚ. ಅತ್ತೆಯ ಮುಂದೆ ಮಾತ್ರೆಯ ಡಬ್ಬಿ ತೆಗೆಯಲು ಅಳುಕು.

ಇಲ್ಲಿ ಧರ್ಮದ ಸೂಕ್ಷ್ಮವನ್ನು ಅರಿಯಬೇಕು. ಪ್ರಮಾದದಿಂದ ಪ್ರಾಣಕ್ಕೆ ಉಂಟಾಗುವ ಘಾತವೇ ಹಿಂಸೆಯೆಂಬುದು ಜೈನಾಚಾರ್ಯರ ನಿರ್ಣಯ. ಆ ಪ್ರಾಣ ಅನ್ಯರದೇ ಆಗಬೇಕೆಂದಿಲ್ಲ. ನೀರನ್ನು ಸೋಸಿ ಕುಡಿಯುವ, ನೆಲವನ್ನು ನೋಡಿ ನಡೆಯುವ ಶ್ರಾವಿಕೆಯು ತನ್ನ ಜೀವದ ವಿಷಯದಲ್ಲಿ ಮಾತ್ರ ಅಜಾಗರೂಕಳಾಗುವುದು ಹೇಗೆ ಧರ್ಮವಾದೀತು? ಹೊತ್ತಿಗೆ ಸರಿಯಾಗಿ ಮಾತ್ರೆ ಸೇವಿಸುವುದು ದೇಹಮೋಹವಲ್ಲ, ಅಪ್ರಮಾದ. ತೀರ್ಥಂಕರ ಪದವಿಗೆ ಕಾರಣವೆನಿಸಿದ ಷೋಡಶ ಭಾವನೆಗಳಲ್ಲಿಯೂ ತ್ಯಾಗ ಮತ್ತು ತಪಸ್ಸುಗಳನ್ನು ಶಕ್ತಿಗನುಸಾರವಾಗಿ ಆಚರಿಸಬೇಕೆಂದೇ ಹೇಳಿದೆ. ಶಕ್ತಿಯನ್ನು ಮರೆಮಾಡುವುದು ಹೇಗೆ ದೋಷವೋ, ಇಲ್ಲದ ಶಕ್ತಿಯನ್ನು ತೋರಿಸಹೊರಡುವುದೂ ಹಾಗೆಯೇ ದೋಷ.

ಸಮಂತಭದ್ರಾಚಾರ್ಯರ ಕಥೆ ಇಲ್ಲಿ ಸ್ಮರಣೀಯ. ಮುನಿಯಾಗಿದ್ದಾಗ ಅವರಿಗೆ ಭಸ್ಮಕವ್ಯಾಧಿ ಬಂದಿತೆಂದೂ, ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪದೆ, ರೋಗವನ್ನು ಶಮನಗೊಳಿಸಿಕೊಂಡು ಬರುವಂತೆ ಆಜ್ಞಾಪಿಸಿದರೆಂದೂ ಪರಂಪರೆ ಹೇಳುತ್ತದೆ. ಗುಣವಾಗುವವರೆಗೆ ಮುನಿವೇಷವನ್ನೇ ತೊರೆದು, ಅನಂತರ ಅವರು ಮರಳಿ ದೀಕ್ಷೆ ಪಡೆದರಂತೆ. ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳಲ್ಲಿ ಪ್ರತೀಕಾರವಿಲ್ಲದ ರೋಗವನ್ನು ಎಣಿಸಿದವರೂ ಅವರೇ, ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ. ಮಾತ್ರೆಯಿಂದ ಹತೋಟಿಯಲ್ಲಿರುವ ರೋಗವು ಪ್ರತೀಕಾರವಿಲ್ಲದ್ದಲ್ಲ. ಮುನಿಗೇ ವಿನಾಯಿತಿ ದೊರೆತಿರುವಾಗ ಗೃಹಿಣಿಗೆ ಅದು ದೊರೆಯದೇ?

ಹಾಗೆಂದು ರೋಗಿಣಿಗೆ ತಪಸ್ಸೇ ಇಲ್ಲವೆಂದಲ್ಲ. ಹನ್ನೆರಡು ವಿಧದ ತಪಸ್ಸುಗಳಲ್ಲಿ ಅನಶನ ಒಂದು ಮಾತ್ರ. ರಸಪರಿತ್ಯಾಗದಲ್ಲಿ ಉಪ್ಪೂ ಸೇರಿದೆ. ಉಪ್ಪಿನಕಾಯಿ, ಹಪ್ಪಳಗಳನ್ನು ಬಿಟ್ಟು ಮಿತವಾದ ಉಪ್ಪಿನಲ್ಲಿ ಉಣ್ಣುವ ಹೃದ್ರೋಗಿಣಿ ಪರ್ವಕ್ಕಷ್ಟೇ ಅಲ್ಲ, ವರ್ಷವಿಡೀ ಆ ತಪಸ್ಸಿನಲ್ಲಿದ್ದಾಳೆ. ಸ್ವಾಧ್ಯಾಯ, ವಿನಯ, ಧ್ಯಾನಗಳಿಗೆ ಹೃದಯದ ಕವಾಟ ಅಡ್ಡಿಯಾಗದು. ರಾತ್ರಿಭೋಜನ ತ್ಯಾಗವನ್ನು ಬಿಡುವ ಅಗತ್ಯವೂ ಸಾಮಾನ್ಯವಾಗಿ ಬಾರದು. ಸಂಜೆಯ ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮೊದಲು ನಿತ್ಯವೂ ಒಂದೇ ಹೊತ್ತಿಗೆ ಸೇವಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ದಾರಿ ದೊರೆಯುತ್ತದೆ. ಕೇಳಬೇಕು, ಅಷ್ಟೆ.

ಆದರೆ ಕೇಳುವ ಧೈರ್ಯ ಅವಳೊಬ್ಬಳಿಂದ ಬರಲಾರದು. ವೈಯಾವೃತ್ತ್ಯ, ಎಂದರೆ ರೋಗಿಗಳ ಸೇವೆ, ಅಂತರಂಗ ತಪಸ್ಸುಗಳಲ್ಲಿ ಒಂದು. ಅದು ಮುನಿಗಳ ಪಾದಸೇವೆಗೆ ಮೀಸಲಲ್ಲ. ಸೊಸೆಯ ರಕ್ತಪರೀಕ್ಷೆಯ ದಿನವನ್ನು ನೆನಪಿಡುವ ಮಾವ, ನೀರಿನ ಕೊಡವನ್ನು ತಾನೇ ಎತ್ತುವ ಗಂಡ, ‘ನೀನು ಊಟಮಾಡಿ ಮಾತ್ರೆ ತಗೋ ಮಗಳೇ’ ಎನ್ನುವ ಅತ್ತೆ, ಇವರೂ ತಪಸ್ವಿಗಳೇ. ಬಸದಿಯ ಟ್ರಸ್ಟುಗಳೂ ಯೋಚಿಸಬೇಕು. ಪರ್ವಕಾಲದಲ್ಲಿ ಉಪವಾಸ ಮಾಡಿದವರ ಹೆಸರು ಓದಿ ಸನ್ಮಾನಿಸುವಾಗ, ರೋಗಿಗಳು ಶಕ್ತಿ ಮೀರಬಾರದೆಂಬ ಮಾತನ್ನೂ ಅದೇ ವೇದಿಕೆಯಿಂದ ಹೇಳಿದರೆ ಎಷ್ಟೋ ಮನೆಗಳಲ್ಲಿ ಸಂಕೋಚ ಕರಗುತ್ತದೆ. ವಾರ್ಫರಿನ್ನಿಗೂ ರಕ್ತಪರೀಕ್ಷೆಗೂ ಹಣವಿಲ್ಲದವಳಿಗೆ ನೆರವಾಗುವುದು ಚತುರ್ವಿಧ ದಾನಗಳಲ್ಲೊಂದಾದ ಔಷಧದಾನವೇ ಸರಿ.

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಲು ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹತ್ತಲಾರದವರನ್ನು ಡೋಲಿಯಲ್ಲಿ ಹೊತ್ತೊಯ್ಯುತ್ತಾರೆ. ಡೋಲಿಯಲ್ಲಿ ಬಂದವರ ದರ್ಶನಕ್ಕೆ ಪುಣ್ಯ ಕಡಿಮೆಯೆಂದು ಯಾರೂ ಹೇಳುವುದಿಲ್ಲ. ಮನೆಯೊಳಗಿನ ವ್ರತಾಚರಣೆಗೂ ಇದೇ ನ್ಯಾಯ ಸಲ್ಲಲಿ.