ಪರವಾನಗಿ ಬರಿಯ ಕಾಗದವೇ?

ಧರ್ಮಕೇಂದ್ರದ ಹಬ್ಬಕ್ಕೆ ನಾಟಕವೋ ರಸಮಂಜರಿಯೋ ಏರ್ಪಟ್ಟಾಗ, "ದೇವರ ಕಾರ್ಯಕ್ಕೂ ಪೊಲೀಸರ ಪರವಾನಗಿಯೇ?" ಎಂದು ಗೊಣಗುವವರುಂಟು.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಹೊಗೆ ತುಂಬಿ 59 ಮಂದಿ ಪ್ರೇಕ್ಷಕರು ಸತ್ತರು. ಹೆಚ್ಚುವರಿ ಆಸನಗಳು ಹೊರದಾರಿಯನ್ನು ಅಡ್ಡಗಟ್ಟಿದ್ದವು. ಅವುಗಳಲ್ಲಿ ಕೆಲವಕ್ಕೆ ಅಧಿಕಾರಿಗಳ ಅನುಮತಿಯೂ ಇತ್ತು!

ಹಾಗಾದರೆ ನಿಯಮ ವ್ಯರ್ಥವೇ? ಅಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಇಲ್ಲವಾದರೆ ಬಿದ್ದು ಸತ್ತವನ ರಕ್ತಕ್ಕೆ ಅವನೇ ಹೊಣೆಯೆಂದು ಧರ್ಮೋಪದೇಶಕಾಂಡ (22:8) ವಿಧಿಸುತ್ತದೆ. ನಿಯಮದ ತಿರುಳು ಪರಪ್ರೀತಿ. ಅದಿಲ್ಲದೆ ಕೈಯಲ್ಲಿರುವ ಪರವಾನಗಿ ಬರಿಯ ಕಾಗದ. ಅದಿದ್ದವರು ಪರವಾನಗಿಯನ್ನು ಹೊರೆಯೆನ್ನರು.

ಈ ಸಲ ಹಬ್ಬದ ಚಪ್ಪರ ಹಾಕುವಾಗ ಅರ್ಜಿ ಬರೆಯಿರಿ. ಜೊತೆಗೆ, ಮಕ್ಕಳು ಓಡಿಹೋಗಲು ದಾರಿಯಿದೆಯೇ ಎಂದು ನೀವೇ ನಡೆದು ನೋಡಿರಿ.