ವರ್ಷಾವಾಸ: ಸನ್ಯಾಸಿ ಮತ್ತು ಸೂರು

ಮನೆ ಬಿಟ್ಟು ಹೊರಟವನು ಮಳೆ ಬಂದಾಗ ಎಲ್ಲಿರಬೇಕು? ಒಳಗಿರಲೇಬೇಕೆಂದರೆ ಆ ಒಳಗು ಮತ್ತೊಂದು ಮನೆಯಾಗದಂತೆ ತಡೆಯುವುದು ಹೇಗೆ? ಶ್ರಮಣ ಪಂಥಗಳಿಗೆ ಎದುರಾದ ಈ ಪ್ರಶ್ನೆಯ ಬಹುಪಾಲು ಕಥೆ ನಡೆದದ್ದು ಮಗಧದ ರಾಜಧಾನಿ ರಾಜಗೃಹದಲ್ಲಿ, ಅಂದರೆ ಐದು ಬೆಟ್ಟಗಳ ನಡುವೆ ಇರುವ ಇಂದಿನ ಬಿಹಾರದ ರಾಜಗೀರ್‌ನಲ್ಲಿ. ಮಹಾವೀರ ಕಳೆದ 42 ಮಳೆಗಾಲಗಳ ಲೆಕ್ಕ ಜೈನರ ಕಲ್ಪಸೂತ್ರದಲ್ಲಿದೆ. ಅವುಗಳಲ್ಲಿ 14 ರಾಜಗೃಹ ಮತ್ತು ಅದರ ಮಗ್ಗುಲಿನ ನಾಲಂದೆಗೆ ಸೇರಿದವು. ಬೌದ್ಧ ಭಿಕ್ಷುಗಳ ಹಿರಿತನವನ್ನು ಇಂದಿಗೂ ಎಣಿಸುವುದು ಕಳೆದ ಮಳೆಗಾಲಗಳಿಂದಲೇ.

ಆರಂಭದಲ್ಲಿ ಭಿಕ್ಷುಗಳಿಗೆ ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕೆಂಬ ಕಟ್ಟುಪಾಡು ಇರಲಿಲ್ಲ. ಪಾಲಿ ವಿನಯಪಿಟಕದ ಮಹಾವಗ್ಗದ ಪ್ರಕಾರ ಬುದ್ಧ ರಾಜಗೃಹದ ವೇಣುವನದಲ್ಲಿದ್ದಾಗ ಊರವರೇ ಗೊಣಗಿದರು: ಬೇರೆ ಪಂಥದವರು ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಾರೆ, ಹಕ್ಕಿಗಳೂ ಗೂಡು ಸೇರುತ್ತವೆ, ಈ ಶಾಕ್ಯಪುತ್ರರು ಮಾತ್ರ ಹಸಿರು ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತ ಓಡಾಡುತ್ತಾರೆ ಎಂದು. ಆಷಾಢ ಹುಣ್ಣಿಮೆಯ ಮರುದಿನದಿಂದ ಮೂರು ತಿಂಗಳು ಒಂದೇ ಕಡೆ ಇರಬೇಕೆಂಬ ನಿಯಮ ಬಂದದ್ದು ಆಮೇಲೆ. ಹೀಗೆ ಅಹಿಂಸೆಯ ಕಾರಣದ ಜೊತೆಗೆ ಲೋಕಾಪವಾದದ ಅಂಜಿಕೆಯೂ ಇತ್ತು. ಗ್ರಂಥ ಅದನ್ನು ಮುಚ್ಚಿಡುವುದಿಲ್ಲ.

ನಿಯಮದ ವಿವರಗಳನ್ನು ಓದಿದರೆ ಜನ ಏನೇನು ಮಾಡಿ ನೋಡಿದ್ದರು ಎಂಬುದು ತಿಳಿಯುತ್ತದೆ. ಮರದ ಪೊಟರೆ, ಮರದ ಕವಲು, ಕೊಡೆಯ ಅಡಿ, ದೊಡ್ಡ ನೀರಿನ ಬಾನೆ, ಹೆಣವಿಡುವ ಗುಡಿಸಲು, ಇವುಗಳಲ್ಲಿ ಮಳೆಗಾಲ ಕಳೆಯಕೂಡದು. ದನಗಾಹಿಗಳ ಹಟ್ಟಿ, ವರ್ತಕರ ಸಾರ್ಥ, ದೋಣಿ ಆಗಬಹುದು. ಹಟ್ಟಿಯೇ ಜಾಗ ಬದಲಿಸಿದರೆ ಅದರ ಜೊತೆಗೆ ಹೋಗಬಹುದು. ತಾಯಿಗೋ ತಂದೆಗೋ ಕಾಯಿಲೆಯೆಂದು ತಿಳಿದರೆ ಕರೆ ಬರದಿದ್ದರೂ ಏಳು ದಿನ ಹೋಗಿಬರಬಹುದು. ಸಂಸಾರ ತೊರೆದವರ ನಿಯಮದಲ್ಲಿ ಈ ಕೊನೆಯ ವಿನಾಯಿತಿ ಇರುವುದು ಗಮನಾರ್ಹ.

ಸೂರಿನ ಸೆಳೆತವನ್ನು ಧನಿಯನ ಕಥೆಯಷ್ಟು ಚೆನ್ನಾಗಿ ತೋರಿಸುವ ಪ್ರಸಂಗ ಇನ್ನೊಂದಿಲ್ಲ. ರಾಜಗೃಹದ ಋಷಿಗಿರಿಯ ಇಳಿಜಾರಿನಲ್ಲಿ ಭಿಕ್ಷುಗಳು ಹುಲ್ಲಿನ ಗುಡಿಸಲು ಕಟ್ಟಿಕೊಂಡು ಮಳೆಗಾಲ ಕಳೆದರು. ಮೂರು ತಿಂಗಳಾದ ಮೇಲೆ ಗುಡಿಸಲು ಬಿಚ್ಚಿ, ಹುಲ್ಲು ಗಳಗಳನ್ನು ಒಪ್ಪವಾಗಿಟ್ಟು ಹೊರಟರು. ಕುಂಬಾರರ ಮನೆತನದ ಧನಿಯ ಮಾತ್ರ ಚಳಿಗಾಲವನ್ನೂ ಬೇಸಿಗೆಯನ್ನೂ ಅಲ್ಲೇ ಕಳೆದ. ಅವನು ಭಿಕ್ಷೆಗೆ ಹೋದಾಗ ಹುಲ್ಲು ಸೌದೆ ಆಯುವವರು ಮೂರು ಸಲ ಗುಡಿಸಲು ಕಿತ್ತೊಯ್ದರು. ಕುಲಕಸುಬು ಕೈಯಲ್ಲೇ ಇತ್ತಲ್ಲ, ಅವನು ಇಡೀ ಕುಟೀರವನ್ನೇ ಮಣ್ಣಿನಲ್ಲಿ ಮಾಡಿ ಸುಟ್ಟ. ಅದು ಇಂದ್ರಗೋಪದ ಹುಳುವಿನಂತೆ ಕೆಂಪಗಿತ್ತು, ತಟ್ಟಿದರೆ ಗೆಜ್ಜೆಯಂತೆ ದನಿಗೊಡುತ್ತಿತ್ತು. ಸುಡುವಾಗ ಜೀವಹಿಂಸೆಯಾಗುತ್ತದೆಂದು ಬುದ್ಧ ಅದನ್ನು ಒಡೆಸಿದ. ಮುಂದೆ ಧನಿಯ ಅರಸ ಬಿಂಬಿಸಾರನ ಮರಮುಟ್ಟುಗಳನ್ನೇ ಉಪಾಯದಿಂದ ಸಾಗಿಸಿದ. ಭಿಕ್ಷು ಕದ್ದರೆ ಸಂಘದಿಂದಲೇ ಹೊರಗೆ ಎಂಬ ನಿಯಮ ಹುಟ್ಟಿದ್ದು ಆ ಮರದಿಂದ. ಹುಲ್ಲು, ಮಣ್ಣು, ಮರ: ತೊರೆದವನ ಆಸೆ ಮತ್ತೆ ಬೆಳೆಯುವ ಮೆಟ್ಟಿಲುಗಳನ್ನು ವಿನಯ ಹೀಗೆ ಕಟ್ಟಡ ಸಾಮಗ್ರಿಯಲ್ಲಿ ಗುರುತಿಸುತ್ತದೆ. ಆದರೂ ಅದೇ ಊರಿನ ಶ್ರೇಷ್ಠಿಯೊಬ್ಬ ಒಂದೇ ದಿನದಲ್ಲಿ ಅರವತ್ತು ವಸತಿಗಳನ್ನು ಕಟ್ಟಿಸಿಕೊಟ್ಟಾಗ ಬುದ್ಧ ಒಪ್ಪಿದ. ಅವನ್ನು ಬಂದಿರುವ ಮತ್ತು ಬರಲಿರುವ ನಾಲ್ದೆಸೆಯ ಸಂಘಕ್ಕೆಂದು ಅರ್ಪಿಸಲಾಯಿತು. ಸೂರು ಇರಲಿ, ಒಬ್ಬನದಾಗದಿರಲಿ ಎಂಬುದು ಆ ವ್ಯವಸ್ಥೆಯ ಜಾಣತನ.

ಒಳಗೆ ಕುಳಿತವರಿಗೆ ಇನ್ನೊಂದು ತೊಡಕು ಜೊತೆಯವರು. ಕೋಸಲದ ಕೆಲವು ಭಿಕ್ಷುಗಳು ಜಗಳವೇ ಬೇಡವೆಂದು ಮಳೆಗಾಲವಿಡೀ ಮೌನವಾಗಿದ್ದರು. ಮೊದಲು ಬಂದವನು ಆಸನ ಹಾಸುವನು, ಕೊನೆಗೆ ಉಂಡವನು ಗುಡಿಸುವನು, ಕೊಡ ಎತ್ತಲಾಗದಿದ್ದರೆ ಕೈಸನ್ನೆಯಲ್ಲೇ ನೆರವು ಕೇಳುವನು. ಹೊರನೋಟಕ್ಕೆ ಇದು ಆದರ್ಶ ಆಶ್ರಮ. ಬುದ್ಧ ಮಾತ್ರ ಮೆಚ್ಚಲಿಲ್ಲ. ಇದು ಪಶುಗಳ ಸಹವಾಸದಂತೆ ಎಂದು ಗದರಿಸಿ, ಮೌನವ್ರತವನ್ನು ನಿಷೇಧಿಸಿ, ವರ್ಷಾವಾಸದ ಕೊನೆಗೆ ಪ್ರವಾರಣೆಯನ್ನು ವಿಧಿಸಿದ. ಅಂದು ಪ್ರತಿಯೊಬ್ಬನೂ ಕೈಮುಗಿದು, ತನ್ನಲ್ಲಿ ಕಂಡ, ಕೇಳಿದ ಅಥವಾ ಶಂಕಿಸಿದ ತಪ್ಪನ್ನು ಹೇಳಿರೆಂದು ಸಂಘವನ್ನು ಬೇಡಬೇಕು; ಹಿರಿಯನಿಂದಲೇ ಶುರು. ಶಾಂತಿಯನ್ನೇ ಗುರಿಯೆಂದು ಹೇಳುವ ಧರ್ಮ ಇಲ್ಲಿ ಮಾತಿಲ್ಲದ ಶಾಂತಿಯನ್ನು ಅನುಮಾನಿಸುತ್ತದೆ. ಜಗಳ ತಪ್ಪಿಸಿಕೊಂಡ ಮಾತ್ರಕ್ಕೆ ಒಬ್ಬರಿಂದೊಬ್ಬರು ತಿದ್ದಿಕೊಂಡಂತಾಗುವುದಿಲ್ಲ.

ಮಾತಿಗೆ ಸಿಕ್ಕ ಈ ಮನ್ನಣೆಯ ದೊಡ್ಡ ಫಲ ಕಂಡದ್ದೂ ರಾಜಗೃಹದಲ್ಲೇ. ಬುದ್ಧನ ಪರಿನಿರ್ವಾಣದ ನಂತರ 500 ಹಿರಿಯರು ಅಲ್ಲಿ ಮಳೆಗಾಲಕ್ಕೆ ಸೇರಿದರು ಎಂದು ವಿನಯಪಿಟಕದ ಚುಳ್ಳವಗ್ಗ ಹೇಳುತ್ತದೆ. ಮೊದಲ ತಿಂಗಳು ಪಾಳುಬಿದ್ದ ವಸತಿಗಳ ದುರಸ್ತಿ, ಆಮೇಲೆ ಪಾರಾಯಣ: ಮಹಾಕಾಶ್ಯಪ ಪ್ರಶ್ನಿಸಿದ, ಉಪಾಲಿ ವಿನಯವನ್ನೂ ಆನಂದ ಧರ್ಮವನ್ನೂ ಒಪ್ಪಿಸಿದರು. ಈ ಸಂಗೀತಿಯ ಎಲ್ಲ ವಿವರಗಳನ್ನೂ ಇತಿಹಾಸಕಾರರು ಒಪ್ಪುವುದಿಲ್ಲ. ಅದೇನೇ ಇರಲಿ, ಬರಹವಿಲ್ಲದ ಕಾಲದಲ್ಲಿ ಉಪದೇಶ ಉಳಿಯಲು ಹಲವರು ಒಂದೆಡೆ ತಿಂಗಳುಗಟ್ಟಲೆ ಕೂರಬೇಕಿತ್ತು. ತಿರುಗಾಡುವವರನ್ನು ಹಾಗೆ ಕೂರಿಸಿದ್ದು ಮಳೆ.

ಕರ್ನಾಟಕದಲ್ಲಿ ಈ ಪದ್ಧತಿ ಚಾತುರ್ಮಾಸ್ಯವಾಗಿ ನಡೆದುಬಂದಿದೆ. ಕಾಲ್ನಡಿಗೆಯಲ್ಲೇ ವಿಹರಿಸುವ ದಿಗಂಬರ ಮುನಿಗಳಿಗೆ ಮೂಲ ಕಾರಣ ಇಂದಿಗೂ ನಿಜ: ಹಸಿ ನೆಲದಲ್ಲಿ ಜೀವರಾಶಿ ಹೆಚ್ಚು, ಆದ್ದರಿಂದ ಆಷಾಢದಿಂದ ಕಾರ್ತಿಕದವರೆಗೆ ಅವರು ಒಂದೂರಿನಲ್ಲಿ ನಿಲ್ಲುತ್ತಾರೆ. ಅದ್ವೈತ, ಮಾಧ್ವ ಮಠಗಳ ಯತಿಗಳು ಪಕ್ಷವನ್ನೇ ಮಾಸವೆಂದು ಎಣಿಸಿ ನಾಲ್ಕು ಪಕ್ಷಗಳಲ್ಲಿ, ಭಾದ್ರಪದ ಹುಣ್ಣಿಮೆಗೆ, ವ್ರತ ಮುಗಿಸುತ್ತಾರೆ. ಆ ಅವಧಿಯಲ್ಲಿ ಪಾಠ ಪ್ರವಚನಗಳು ನಡೆಯುತ್ತವೆ. ಉಡುಪಿಯಂಥ ಊರಿನಲ್ಲಿ ವ್ರತ ಗೃಹಸ್ಥರ ಅಡುಗೆಮನೆಗೂ ಇಳಿದಿದೆ: ಮೊದಲ ತಿಂಗಳು ತರಕಾರಿ ಸೊಪ್ಪು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು ವರ್ಜ್ಯ. ಯತಿಗಳ ವ್ರತ ಮುಗಿಯುವುದು ಸೀಮೋಲ್ಲಂಘನದಿಂದ, ಅಂದರೆ ಊರಿನ ಎಲ್ಲೆ ದಾಟುವುದರಿಂದ. ಮಠಗಳು ಕಲ್ಲುಕಟ್ಟಡಗಳಾಗಿ ನೆಲೆನಿಂತು ಶತಮಾನಗಳೇ ಕಳೆದರೂ ಆ ದಾಟುವಿಕೆಯನ್ನು ಇನ್ನೂ ಕೈಬಿಟ್ಟಿಲ್ಲ.