ಭಾವಚಿತ್ರದ ಕೆಳಗಿನ ಹೆಸರು



ಕಳೆದ ಶ್ರಾವಣದಲ್ಲಿ ಜತ್ತ ತಾಲೂಕಿನ ಹಳ್ಳಿಯೊಂದರಿಂದ ಎಂಬತ್ತು ದಾಟಿದ ತಾಯಿಯೊಬ್ಬರು ಮೊಮ್ಮಗನನ್ನು ಕರೆದುಕೊಂಡು ಮಠದ ಕಚೇರಿಗೆ ಬಂದರು. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಹಳೆಯ ಫೋಟೋ ಒಂದನ್ನು ನನ್ನ ಮೇಜಿನ ಮೇಲಿಟ್ಟರು. ಮಿಲಿಟರಿ ಲಾರಿಯೊಂದರ ಮುಂದೆ ಐವರು ಸಿಪಾಯಿಗಳು ನಿಂತಿದ್ದಾರೆ. ಎಡಗಡೆಯಿಂದ ಎರಡನೆಯವರನ್ನು ತೋರಿಸಿ ಅವರು ಹೇಳಿದರು: "ಯಪ್ಪಾ, ಇವ್ರು ನಮ್ಮಪ್ಪ. ಬರ್ಮಾ ಲಡಾಯಿದಾಗ ತೀರಿಕೊಂಡ್ರು. ನಾ ಹೊಟ್ಟ್ಯಾಗ ಇದ್ದಾಗ ಹೋದವ್ರು. ನಾ ಕಣ್ಣ ಮುಚ್ಚೂದ್ರೊಳಗ ಅವರ ಹೆಸರ ಹಾಕಿ ಪತ್ರಿಕಾದಾಗ ಕೊಡ್ರಿ."

ಗಾಜಿಲ್ಲದ ಆ ಫೋಟೋದ ಮೇಲೆ ದಿನವೂ ವಿಭೂತಿ ಹಚ್ಚಿ ಹಚ್ಚಿ ಆ ಒಂದು ಮುಖ ಮಾತ್ರ ಸಂಪೂರ್ಣ ಅಳಿಸಿಹೋಗಿತ್ತು. ಉಳಿದ ನಾಲ್ವರ ಮುಖ ಸ್ಪಷ್ಟವಾಗಿದೆ. ಲಾರಿಯೂ ಸ್ಪಷ್ಟವಾಗಿದೆ.

ಅಚ್ಚಿಗೆ ಕಳಿಸುವ ಮೊದಲು ಬೆಳಗಾವಿಯಲ್ಲಿರುವ, ಸೇನೆಯಿಂದ ನಿವೃತ್ತರಾದ ನನ್ನ ಪರಿಚಯದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಮುಖಗಳನ್ನು ನೋಡಲೇ ಇಲ್ಲ. ಭೂತಗನ್ನಡಿ ಹಿಡಿದು ಲಾರಿಯನ್ನು ನೋಡಿದರು. ಆ ಕಾಲದ ಬ್ರಿಟಿಷ್ ಮತ್ತು ಭಾರತೀಯ ಸೇನೆಯ ವಾಹನಗಳ ಸಂಖ್ಯೆಯ ಮೊದಲಲ್ಲಿ ಒಂದು ಅಕ್ಷರವಿರುತ್ತಿತ್ತು. ಲಾರಿಗೆ 'ಎಲ್', ಟ್ಯಾಂಕಿಗೆ 'ಟಿ'. ಇದಲ್ಲದೆ ಯಾವ ಡಿವಿಜನ್ನಿಗೆ ಸೇರಿದ ವಾಹನವೆಂಬುದಕ್ಕೆ ಒಂದು ಚಿತ್ರದ ಗುರುತನ್ನೂ ಬರೆಯುತ್ತಿದ್ದರು. ಯುದ್ಧಕಾಲದಲ್ಲಿ ಪತ್ರಿಕೆಗಳಿಗೆ ಕೊಡುವ ಚಿತ್ರಗಳಲ್ಲಿ ಇಂಥ ಗುರುತುಗಳನ್ನು ಸೆನ್ಸಾರಿನವರು ಅಳಿಸುವುದಿತ್ತು. ಮನೆಗೆ ಬಂದ ಖಾಸಗಿ ಫೋಟೋಗಳಲ್ಲಿ ಅವು ಕೆಲವೊಮ್ಮೆ ಹಾಗೆಯೇ ಉಳಿದಿವೆ. ಈ ಲಾರಿಯ ಮಡ್‌ಗಾರ್ಡಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದು ಇತ್ತು. ಅದು ನಾಲ್ಕನೆಯ ಭಾರತೀಯ ಡಿವಿಜನ್ನಿನ ಗುರುತು. ಆ ಡಿವಿಜನ್ನು ಈಜಿಪ್ಟ್, ಎರಿಟ್ರಿಯಾ, ಸಿರಿಯಾ, ಟ್ಯುನೀಶಿಯಾಗಳಲ್ಲಿ ಕಾದಿತು, 1944ರಲ್ಲಿ ಇಟಲಿಯ ಕ್ಯಾಸಿನೋದಲ್ಲಿ ಕಾದಿತು. ಬರ್ಮಾಕ್ಕೆ ಅದು ಹೋಗಲೇ ಇಲ್ಲ.

ತಾಯಿಯವರ ಮನೆಯಲ್ಲಿದ್ದ ಹಳೆಯ ಪಿಂಚಣಿ ಕಾಗದವನ್ನು ನೋಡಿದಾಗ, ಅವರ ತಂದೆ 1943ರಲ್ಲಿ ಭರ್ತಿಯಾಗಿ ನೇರವಾಗಿ ಪೂರ್ವದ ರಣರಂಗಕ್ಕೇ ಹೋದವರೆಂದು ತಿಳಿಯಿತು. ಫೋಟೋ ತಂದುಕೊಟ್ಟವರು ಅವರ ಸೋದರಮಾವ; ಇಟಲಿಯಿಂದ ಮರಳಿ ಬಂದವರು. ಗಂಡನ ಒಂದು ಚಿತ್ರವೂ ಇಲ್ಲದ ತಂಗಿಗೆ ಅವರೇ ಹಾಗೆ ಹೇಳಿ ಕೊಟ್ಟರೋ, ತಂಗಿಯೇ ಹಾಗೆ ತಿಳಿದುಕೊಂಡರೋ, ಹೇಳಲು ಈಗ ಯಾರೂ ಇಲ್ಲ.

ಈಗ ಪ್ರಶ್ನೆ ಇಷ್ಟೇ. ಹೆಸರು ಹಾಕಿ ಅಚ್ಚು ಮಾಡಿದರೆ ಯಾರಿಗೆ ನಷ್ಟ? ಒಬ್ಬ ವೃದ್ಧೆಗೆ ಸಮಾಧಾನವಾಗುತ್ತದೆ. ಸಿಪಾಯಿ ಸತ್ತದ್ದು ನಿಜ, ಮಗಳ ಪ್ರೀತಿ ನಿಜ. ಸುಳ್ಳಾದದ್ದು ಚಿತ್ರದ ಕೆಳಗಿನ ಒಂದು ಸಾಲು ಮಾತ್ರ. ನಾನೂ ಎರಡು ದಿನ ಹೀಗೆಯೇ ಯೋಚಿಸಿ, ಕಳಿಸಿಬಿಡೋಣವೆಂದೇ ಇದ್ದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ನನ್ನನ್ನು ತಡೆದದ್ದು ಬಹಳ ದೂರದ ಒಂದು ಚಿತ್ರದ ಕಥೆ. 1945ರ ಫೆಬ್ರವರಿ 23ರಂದು ಜಪಾನಿನ ಐವೊ ಜಿಮಾ ದ್ವೀಪದ ಗುಡ್ಡದ ಮೇಲೆ ಆರು ಜನ ಅಮೆರಿಕನ್ ಸೈನಿಕರು ಧ್ವಜ ನೆಟ್ಟದ್ದನ್ನು ಜೋ ರೋಸೆಂತಾಲ್ ಎಂಬ ಛಾಯಾಗ್ರಾಹಕರು ತೆಗೆದರು. ಜಗತ್ತಿನಲ್ಲೆಲ್ಲ ಪ್ರಸಿದ್ಧವಾದ ಆ ಚಿತ್ರದಲ್ಲಿ ಮುಖಗಳು ಸರಿಯಾಗಿ ಕಾಣುವುದೇ ಇಲ್ಲ. ಅವಸರದಲ್ಲಿ ಹೆಸರುಗಳನ್ನು ಘೋಷಿಸಿದಾಗ ಕಂಬದ ಬುಡದಲ್ಲಿದ್ದವನು ಹೆನ್ರಿ ಹ್ಯಾನ್ಸನ್ ಎಂದು ಬರೆದರು. ವಾಸ್ತವವಾಗಿ ಅವನು ಹಾರ್ಲನ್ ಬ್ಲಾಕ್. ಇಬ್ಬರೂ ಅದೇ ದ್ವೀಪದಲ್ಲಿ ಮಡಿದಿದ್ದರು. ಪತ್ರಿಕೆಯಲ್ಲಿ ಚಿತ್ರ ನೋಡಿದ ಬ್ಲಾಕ್‌ನ ತಾಯಿ, ಬೆನ್ನು ಮಾತ್ರ ಕಂಡರೂ, ಇವನು ನನ್ನ ಮಗನೇ ಎಂದಳು. ಯಾರೂ ನಂಬಲಿಲ್ಲ. ಸತ್ಯ ಗೊತ್ತಿದ್ದ ಸಂಗಡಿಗ ಐರಾ ಹೇಯ್ಸ್‌ಗೆ ಸುಮ್ಮನಿರಲು ಮೇಲಿನವರು ಹೇಳಿದರು. ಅವನಿಗೆ ತಡೆಯಲಾಗಲಿಲ್ಲ. 1946ರಲ್ಲಿ ಟೆಕ್ಸಾಸ್ ತನಕ ಹೋಗಿ ಬ್ಲಾಕ್‌ನ ತಂದೆಯನ್ನು ಕಂಡು ಹೇಳಿದ. 1947ರ ಜನವರಿಯಲ್ಲಿ ಹೆಸರು ತಿದ್ದಲ್ಪಟ್ಟಿತು.

ಅಲ್ಲಿಗೂ ಮುಗಿಯಲಿಲ್ಲ. ಅದೇ ಚಿತ್ರದಲ್ಲಿದ್ದಾನೆಂದು ನಂಬಲಾಗಿದ್ದ ಜಾನ್ ಬ್ರಾಡ್ಲಿಯ ಕುರಿತು ಅವನ ಮಗನೇ ಪುಸ್ತಕ ಬರೆದ. ಅದರ ಮೇಲೆ ಚಲನಚಿತ್ರವೂ ಬಂತು. ಮುಂದೆ ಇಬ್ಬರು ಹವ್ಯಾಸಿ ಸಂಶೋಧಕರು ಪ್ಯಾಂಟಿನ ಮಡಿಕೆ, ಸೊಂಟದ ಬೆಲ್ಟು, ಅದಕ್ಕೆ ನೇತುಬಿದ್ದ ತಂತಿ ಕತ್ತರಿಸುವ ಇಕ್ಕಳ ಇವುಗಳನ್ನು ಅದೇ ದಿನದ ಬೇರೆ ಚಿತ್ರಗಳೊಂದಿಗೆ ಹೋಲಿಸಿ, ಈತ ಬ್ರಾಡ್ಲಿಯಲ್ಲವೆಂದು ತೋರಿಸಿದರು. 2016ರಲ್ಲಿ ಅಲ್ಲಿನ ಸೇನೆ ಒಪ್ಪಿತು. ಆರು ಜನರ ಪಟ್ಟಿಯಲ್ಲಿ ಬ್ರಾಡ್ಲಿಯ ಬದಲು ಸೇರಿದವನು ಹೆರಾಲ್ಡ್ ಶುಲ್ಟ್ಸ್. ತನ್ನ ಪಾಲಿನ ಕೀರ್ತಿಯನ್ನು ಎಂದೂ ಕೇಳದೆ 1995ರಲ್ಲೇ ತೀರಿಕೊಂಡಿದ್ದ. 2019ರಲ್ಲಿ ಇನ್ನೂ ಒಂದು ಹೆಸರು ಬದಲಾಯಿತು. ಇಲ್ಲಿ ನಾವು ಗಮನಿಸಬೇಕಾದದ್ದು, ಬ್ರಾಡ್ಲಿಯ ಮಗ ತನ್ನ ಪುಸ್ತಕಕ್ಕೇ ವಿರುದ್ಧವಾದ ಸತ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು.

ಬ್ಲಾಕ್‌ನ ತಾಯಿಗೆ ಪ್ರೀತಿ ಸರಿಯಾದ ಉತ್ತರವನ್ನೇ ಕೊಟ್ಟಿತು. ನಮ್ಮ ಜತ್ತದ ತಾಯಿಗೂ ಅಷ್ಟೇ ಪ್ರೀತಿಯಿತ್ತು, ಉತ್ತರ ತಪ್ಪಾಗಿತ್ತು. ಪ್ರೀತಿ ಸರಿಯೂ ಆಗಬಹುದು, ತಪ್ಪೂ ಆಗಬಹುದು. ಯಾವುದೆಂದು ಪ್ರೀತಿಗೆ ತಾನಾಗಿ ತಿಳಿಯದು. ಅದಕ್ಕೇ ಇಕ್ಕಳ, ಮಡ್‌ಗಾರ್ಡುಗಳಂಥ ನಿರ್ಜೀವ ಸಾಕ್ಷಿಗಳು ಬೇಕಾಗುತ್ತವೆ. ಅವಕ್ಕೆ ಯಾರ ಮೇಲೂ ಮೋಹವಿಲ್ಲ.

ನಾನು ಓದಿದ್ದು ಬಿ.ಕಾಂ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಒಬ್ಬನ ಖಾತೆಗೆ ತಪ್ಪಾಗಿ ಜಮಾ ಮಾಡಿದ ಹಣ ಇನ್ನೊಬ್ಬನ ಖಾತೆಯಿಂದ ಹೋದ ಹಣವೇ. ಆ ಎರಡನೆಯ ಸಿಪಾಯಿಗೆ ನಾವು ಬೇರೆ ಹೆಸರು ಕೊಟ್ಟರೆ ಅವನ ಸ್ವಂತ ಹೆಸರನ್ನು ಕಿತ್ತುಕೊಂಡಂತಾಯಿತು. ಅವನ ಮನೆಯವರು ಎಂದಾದರೂ ಹುಡುಕಿಕೊಂಡು ಬಂದರೆ ಬಾಗಿಲಿಗೆ ನಾವೇ ಬೀಗ ಹಾಕಿರುತ್ತೇವೆ. ಯಾರ ಹಣವೆಂದು ತಿಳಿಯದ ಮೊತ್ತ ಬಂದರೆ ಅದನ್ನು ಅನಾಮತ್ತು ಖಾತೆಯಲ್ಲಿ ಇಟ್ಟು, ವಾರಸುದಾರರು ಬರುವವರೆಗೆ ಕಾಯುವುದು ಕ್ರಮ. ಅನಾಮತ್ತು ಎಂದರೆ ಅನಾಥವಲ್ಲ; ಕಾಯ್ದಿಟ್ಟದ್ದು ಎಂದರ್ಥ.

ಹಾಗೆಂದು 'ಹೆಸರು ಗೊತ್ತಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುವುದೂ ಧರ್ಮವಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ನಮ್ಮ ಭಾಗದ ಮರಾಠಾ ಪಲಟಣಿಗಳೂ ಕಾದಿದವು. ಆ ರಣರಂಗದ ಸ್ಮಾರಕಕ್ಕೆ ಬಸ್ರಾ ಸ್ಮಾರಕವೆಂದು ಹೆಸರು. ಅದರಲ್ಲಿ ಭಾರತೀಯ ಸೇನೆಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ಪಲಟಣಿವಾರು ಸಂಖ್ಯೆಯಾಗಿ ಮಾತ್ರ ನಮೂದಿಸಿದರು. ಈ ಬಗೆಯ ತಾರತಮ್ಯಕ್ಕಾಗಿ ಯುದ್ಧಸಮಾಧಿಗಳ ಆಯೋಗ 2021ರಲ್ಲಿ ಕ್ಷಮೆ ಕೇಳಿತು. ತಪ್ಪು ಹೆಸರು ಒಂದು ಅನ್ಯಾಯವಾದರೆ, ಹುಡುಕದೆ ಬಿಡುವುದು ಇನ್ನೊಂದು ಅನ್ಯಾಯ.

ಹುಡುಕುವ ರೀತಿಗೂ ಒಂದು ಮೇಲ್ಪಂಕ್ತಿಯಿದೆ. 1863ರ ಜುಲೈನಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಕದನದ ತರುವಾಯ ಒಬ್ಬ ಸೈನಿಕನ ಶವ ಸಿಕ್ಕಿತು. ಹೆಸರಿಲ್ಲ, ಕೈಯಲ್ಲಿ ಮೂರು ಮಕ್ಕಳ ಚಿತ್ರವಿತ್ತು. ಆಗ ಪತ್ರಿಕೆಗಳಲ್ಲಿ ಫೋಟೋ ಅಚ್ಚಾಗುತ್ತಿರಲಿಲ್ಲ. ಡಾಕ್ಟರರೊಬ್ಬರು ಮಕ್ಕಳ ವಯಸ್ಸು, ಅವರು ತೊಟ್ಟ ಬಟ್ಟೆಗಳ ವರ್ಣನೆಯನ್ನು ಪ್ರಕಟಿಸುವಂತೆ ಮಾಡಿದರು. ದೂರದ ಊರಿನ ತಾಯಿಯೊಬ್ಬಳು ತನ್ನ ಮಕ್ಕಳಿರಬಹುದೆಂದು ತಿಳಿಸಿದಳು. ಚಿತ್ರದ ಪ್ರತಿಯನ್ನು ಆಕೆಗೆ ತಲುಪಿಸಿ, ಆಕೆ ಗುರುತು ಹಿಡಿದ ಮೇಲೆಯೇ ಆ ಸೈನಿಕ ಏಮೋಸ್ ಹ್ಯೂಮಿಸ್ಟನ್ ಎಂದು ನಿಶ್ಚಯವಾಯಿತು.

ಕೊನೆಗೆ ನಾನೇ ಜತ್ತಕ್ಕೆ ಹೋದೆ. ಬರ್ಮಾದ ಟೌಕ್ಯಾನ್‌ನಲ್ಲಿ ರಂಗೂನ್ ಸ್ಮಾರಕವಿದೆ. ಸಮಾಧಿ ಎಲ್ಲಿದೆಯೆಂದು ತಿಳಿಯದ ಸುಮಾರು 27 ಸಾವಿರ ಜನರ ಹೆಸರು ಅಲ್ಲಿದೆ. ಆಯೋಗದ ದಾಖಲೆಯಲ್ಲಿ ಅವರ ತಂದೆಯ ಹೆಸರು, ಪಿಂಚಣಿ ಕಾಗದದ ನಂಬರಿನೊಂದಿಗೆ ಸರಿಯಾಗಿ ತಾಳೆಯಾಗಿ ಸಿಕ್ಕಿತ್ತು. ಅದನ್ನು ಓದಿ ಹೇಳಿದೆ. ಅನಂತರ ಲಾರಿಯ ವಿಷಯ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಫೋಟೋ ತೆಗೆದುಕೊಂಡು ಒಳಗೆ ಹೋದರು. ಮುಂದಿನ ಎರಡು ಸೋಮವಾರ ಅವರು ಮಠದ ಕಡೆಗೆ ಬರಲಿಲ್ಲ. ನಾನು ಮಾಡಿದ್ದು ತಪ್ಪೇ ಎಂದು ಆ ದಿನಗಳಲ್ಲಿ ಹಲವು ಸಲ ಕೇಳಿಕೊಂಡೆ.

ಮೂರನೆಯ ಸೋಮವಾರ ಮೊಮ್ಮಗ ಬಂದು ಫೋಟೋವನ್ನು ನನ್ನ ಕೈಗೆ ಕೊಟ್ಟ. "ಆಯಿ ಹೇಳ್ಯಾಳ್ರಿ: ಹಂಗಾದ್ರ ಇವ್ರು ಯಾರ ಮನಿಯವ್ರು ಅಂತ ಹುಡುಕ್ರಿ ಅಂತ."

ಆದ್ದರಿಂದ ಈ ಬಿನ್ನಹ. ಜತ್ತ, ಅಕ್ಕಲಕೋಟ, ಸೋಲಾಪುರ ಕಡೆಯ ಭಕ್ತರ ಮನೆಗಳಲ್ಲಿ ಯಾರ ಹಿರಿಯರಾದರೂ ಹದ್ದಿನ ಗುರುತಿನ ಡಿವಿಜನ್ನಿನಲ್ಲಿ ಇದ್ದಿದ್ದರೆ ದಯವಿಟ್ಟು ಕಚೇರಿಗೆ ಬಂದು ಈ ಚಿತ್ರ ನೋಡಬೇಕು. ಹಳೆಯ ಫೋಟೋಗಳಿಗೆ ಕಟ್ಟು ಹಾಕಿಸುವಾಗ ವಾಹನದ ಭಾಗವನ್ನು ಕತ್ತರಿಸಬೇಡಿರಿ; ಹಿಂಬದಿಯ ಬರಹ ಅಳಿಸಬೇಡಿರಿ; ಗೊತ್ತಿದ್ದ ಹೆಸರುಗಳನ್ನು, ಗೊತ್ತಿರುವ ಹಿರಿಯರು ಇರುವಾಗಲೇ ಬರೆದಿಡಿರಿ. ಅಲ್ಲಿಯವರೆಗೆ ಚಿತ್ರ ಮಠದಲ್ಲಿ, ಅನಾಮತ್ತು ಖಾತೆಯಲ್ಲಿ ಇರುತ್ತದೆ.

ಶರಣು ಶರಣಾರ್ಥಿಗಳೊಂದಿಗೆ,
ಕಾರ್ಯದರ್ಶಿ